ಶುಕ್ರವಾರದ ಗಿರಾಕಿ

ಹೆಮ್ಮಾಡಿಯಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ನನ್ನದೊಂದು ಸಣ್ಣ ಎಣ್ಣೆ ಗಾಣವಿದೆ. ಗಾಣವೆಂದರೆ ಎತ್ತು ತಿರುಗುವುದಲ್ಲ, ಕರೆಂಟಿನದು. ಕೊಬ್ಬರಿ ಹಾಕಿದರೆ ಎಣ್ಣೆ ಕೊಡುತ್ತದೆ, ಕರೆಂಟು ಹೋದರೆ ನನ್ನಿಂದ ಬೈಗುಳ ತಿನ್ನುತ್ತದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೋಟೆಲಿನವರು, ಮೀನು ಕರಿಯುವವರು, ಚಿಪ್ಸು ಮಾಡುವವರು ನನ್ನಲ್ಲಿಂದ ಟಿನ್ನುಗಟ್ಟಲೆ ಎಣ್ಣೆ ಒಯ್ಯುತ್ತಾರೆ. ಮನೆ ಖರ್ಚಿಗೆ ಒಂದು ಬಾಟಲಿ ಒಯ್ಯುವವರ ಬಗ್ಗೆ ನನಗೆ ತಕರಾರಿಲ್ಲ. ದುಡ್ಡು ಕೊಡುತ್ತಾರೆ, ಹೋಗುತ್ತಾರೆ. ತಕರಾರೆಲ್ಲ ಟಿನ್ನಿನವರದು.

ಗಾಣದ ಗೋಡೆಯ ಮೇಲೊಂದು ಬೋರ್ಡಿದೆ. ನೀಲಿ ಬಣ್ಣದಲ್ಲಿ ನಾನೇ ಬರೆದದ್ದು. ಹೇಳುವುದು ಹೆಚ್ಚಿತ್ತು, ಹಲಗೆ ಚಿಕ್ಕದಿತ್ತು. ಹಾಗಾಗಿ ಅಕ್ಷರಗಳು ಕೆಳಗೆ ಹೋದಂತೆ ಸಣ್ಣವಾಗಿವೆ. ಹೊಸ ವ್ಯಾಪಾರಸ್ಥರಿಗೆ ಮೊದಲ ಆರು ಟಿನ್ನು ನಗದಿಗೆ ಮಾತ್ರ. ಆಮೇಲೆ ಹದಿನೈದು ದಿನದ ಗಡುವು, ಅದೂ ಅವರಿಗೆ ಮಾಲು ಕೊಡುವ ಬೇರೆ ಇಬ್ಬರ ಫೋನ್ ನಂಬರು ಕೊಟ್ಟರೆ ಮತ್ತು ಆ ಇಬ್ಬರೂ ಒಳ್ಳೆಯ ಮಾತು ಹೇಳಿದರೆ. ಹಳೆಯದು ಗಡುವು ದಾಟಿದ್ದರೆ ಹೊಸ ಟಿನ್ನು ಹೊರಗೆ ಹೋಗುವುದಿಲ್ಲ. ನೆಂಟರಿಗೂ ಇದೇ. ಈ ಕೊನೆಯ ಸಾಲನ್ನು ನನ್ನ ಭಾವ ಒಮ್ಮೆ ಬಂದು ಹೋದ ಮೇಲೆ ಸೇರಿಸಿದೆ.

ಬೋರ್ಡು ಸುಮ್ಮನೆ ಬಂದದ್ದಲ್ಲ. ಮರವಂತೆಯ ಹತ್ತಿರ ಹೋಟೆಲು ಹಾಕಿದ್ದ ಒಬ್ಬ, ಬಾಯಿ ತುಂಬ ಅಣ್ಣ ಅಣ್ಣ ಎನ್ನುತ್ತಿದ್ದವನು, ಮೊದಮೊದಲು ಹೇಳಿದ ದಿನಕ್ಕೆ ಸರಿಯಾಗಿ ಕೊಟ್ಟ. ಆಮೇಲೆ ದೊಡ್ಡ ಪಾರ್ಟಿ ಇದೆ ಎಂದು ಹನ್ನೊಂದು ಟಿನ್ನು ಒಟ್ಟಿಗೆ ಒಯ್ದ. ಇನ್ನೊಂದು ಬೇಕು ಎಂದು ಫೋನು ಮಾಡಿದ. ನಾನೇ ಗಾಡಿಯಲ್ಲಿ ಹಾಕಿಕೊಂಡು ಹೋದರೆ ಶಟರು ಮುಚ್ಚಿತ್ತು. ಪಕ್ಕದಲ್ಲಿ ಎಳನೀರಿನ ಬೊಂಡ ಮಾರುವವ ಹೇಳಿದ, ನಿನ್ನೆಯೇ ಖಾಲಿ ಮಾಡಿದರು ಎಂದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ನಾನು ಎಣ್ಣೆ ಟಿನ್ನು ಹಿಡಿದುಕೊಂಡು ನಿಂತಿದ್ದೆ. ಓಡಿಹೋಗುವವನು ಹನ್ನೆರಡನೆಯದನ್ನು ಯಾಕೆ ತರಿಸಿಕೊಂಡ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅಂದಿನಿಂದ ನಾನು ಮನುಷ್ಯರನ್ನು ನೋಡುವ ಕ್ರಮವೇ ಬದಲಾಯಿತು. ಚೌಕಾಸಿ ಮಾಡುವವನನ್ನು ಕಂಡರೆ ನನಗೆ ಸಮಾಧಾನ; ಅವನು ಕೊಡುವ ಆಸಾಮಿ. ಕೊಡುವ ಮನಸ್ಸೇ ಇಲ್ಲದವನಿಗೆ ರೇಟು ಎಷ್ಟಾದರೇನು? ಎರಡು ಸಲ ಸತಾಯಿಸಿ ಮೂರನೇ ಸಲ ಮುಖ ಸಿಂಡರಿಸಿಕೊಂಡು ಕೊಡುವವನೂ ಅಡ್ಡಿಯಿಲ್ಲ. ನನಗೆ ಹೆದರಿಕೆ ನಗುತ್ತ, ಬೇಗ, ಕೇಳದೆ ಕೊಡುವವರದು. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಹೀಗಿರುವಾಗ ಬೀಜಾಡಿಯ ಚಿಪ್ಸಿನ ಹೆಂಗಸು ಬಂದದ್ದು. ನಾಲ್ಕು ವರ್ಷದ ಹಿಂದಿನ ಮಾತು. ನಲವತ್ತರ ಆಸುಪಾಸಿನವಳು, ಸ್ಕೂಟರಿನಲ್ಲಿ ಬಂದಳು, ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಅಷ್ಟು ಸಣ್ಣ ಅಕ್ಷರವನ್ನೂ ಓದಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. “ಆಯ್ತಣ್ಣ, ಹಾಂಗೇ ಮಾಡ್ವ” ಎಂದು ಒಂದು ರೂಪಾಯಿಯೂ ಚೌಕಾಸಿ ಮಾಡದೆ ಟಿನ್ನು ಕಟ್ಟಿಕೊಂಡು ಹೋದಳು. ನನಗೆ ಆವತ್ತೇ ಸಂಶಯ ಹುಟ್ಟಿತು.

ಆರು ಟಿನ್ನು ಮುಗಿದ ಮೇಲೆ ಎರಡು ನಂಬರು ಕೊಟ್ಟಳು. ಒಂದು ಗ್ಯಾಸಿನವರದು. ಅವರು “ಅಡ್ಡಿಲ್ಲ, ಕೊಡ್ತ್ರ್” ಎಂದು ಫೋನಿಟ್ಟರು. ಇನ್ನೊಂದು ಬೈಂದೂರಿನ ಬಾಳೆಕಾಯಿ ವ್ಯಾಪಾರಿಯದು. ವಯಸ್ಸಾದ ಜನ, ಆಕೆಗೆ ಚಿಪ್ಸಿನ ನೇಂದ್ರ ಕಾಯಿ ಕೊಡುವವರು. “ಒಳ್ಳೆ ಜನ ಮರ್ರೆ. ಕಣ್ ಮುಚ್ಕಂಡ್ ಕೊಡಿ. ಅವ್ರ್ ಕೊಡ್ದಿರೆ ನಾನ್ ಕೊಡ್ತೆ” ಎಂದರು. ಇಷ್ಟು ಹೊಗಳಬೇಕಾದರೆ ನೆಂಟರೇ ಇರಬೇಕು ಎಂದುಕೊಂಡೆ. ವಿಚಾರಿಸಿದೆ, ನೆಂಟರಲ್ಲ. ಮತ್ತಷ್ಟು ಸಂಶಯವಾಯಿತು.

ಆಕೆ ವಾರಕ್ಕೆ ಎರಡು ಟಿನ್ನು ಒಯ್ಯುತ್ತಿದ್ದಳು. ಗಡುವು ಹದಿನೈದು ದಿನ. ಆದರೆ ಆಕೆ ಒಂದು ಸಲವೂ ಗಡುವಿನವರೆಗೆ ಇಟ್ಟುಕೊಳ್ಳಲಿಲ್ಲ. ಹಿಂದಿನ ವಾರದ ದುಡ್ಡನ್ನು ಮುಂದಿನ ವಾರ ಬರುವಾಗಲೇ ತಂದು ಕೊಡುತ್ತಿದ್ದಳು, ಅದೂ ಶುಕ್ರವಾರ. ಪ್ರತಿ ಶುಕ್ರವಾರ, ಮಧ್ಯಾಹ್ನದ ಊಟವಾಗಿ ನಾನು ಕೈ ತೊಳೆಯುವ ಹೊತ್ತಿಗೆ ಸ್ಕೂಟರು ಬಂದು ನಿಲ್ಲುತ್ತಿತ್ತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶುಕ್ರವಾರ ಲಕ್ಷ್ಮಿಯನ್ನು ಮನೆಯಿಂದ ಹೊರಗೆ ಕಳಿಸುವವರು ಯಾರಿದ್ದಾರೆ? ವಸೂಲಿಗೆ ಹೋದರೂ ಇವತ್ತು ಶುಕ್ರವಾರ, ನಾಳೆ ಬನ್ನಿ ಎನ್ನುತ್ತಾರೆ. ಕೇಳಿದವನೂ ತಲೆಯಾಡಿಸಿ ವಾಪಸು ಬರುತ್ತಾನೆ. ನನ್ನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಈ ಶಾಸ್ತ್ರದ ಮೇಲೆಯೇ ವರ್ಷಕ್ಕೆ ಐವತ್ತೆರಡು ದಿನ ತಪ್ಪಿಸಿಕೊಳ್ಳುತ್ತಾರೆ. ಅಂಥದರಲ್ಲಿ ಒಬ್ಬ ಹೆಂಗಸು, ಹಣೆಯಲ್ಲಿ ಕುಂಕುಮ ಇಟ್ಟು, ತಲೆಯಲ್ಲಿ ಅಬ್ಬಲಿಗೆ ಮುಡಿದು, ಗಡುವಿಗೆ ಇನ್ನೂ ಎಂಟು ದಿನ ಇರುವಾಗ, ಶುಕ್ರವಾರವೇ ದುಡ್ಡು ತಂದು ಕೊಡುವುದೆಂದರೆ ಅದಕ್ಕೊಂದು ಕಾರಣ ಇರಲೇಬೇಕು.

ನಾನು ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಎಲ್ಲ ಸರಿಯಿದ್ದವು. ಇದನ್ನು ಕಂಡ ನನ್ನ ಹೆಂಡತಿ ನಕ್ಕಳು.

“ಹ್ವಾಯ್, ಲಕ್ಷ್ಮಿ ನಮ್ಮನಿಗ್ ಬಪ್ಪುದಲ್ದಾ? ಹೋಪುದಲ್ಲ ಅಲ್ದಾ? ನಿಮ್ಗ್ ಎಂತ ಉರಿ? ಕೊಡ್ದಿರೆ ಕೊಡ್ಲಿಲ್ಲ ಅಂತ್ರಿ, ಕೊಟ್ರೆ ಎಂತಕ್ ಕೊಟ್ರ್ ಅಂತ್ರಿ.”

ಅವಳಿಗೇನು ಗೊತ್ತು. ಮರವಂತೆಯಲ್ಲಿ ಟಿನ್ನು ಹಿಡಿದು ನಿಂತದ್ದು ನಾನು.

ಒಂದು ದಿನ ಕೋಟೇಶ್ವರಕ್ಕೆ ಕೆಲಸವಿದೆ ಎಂದು ಸುಳ್ಳು ಹೇಳಿ ಬೀಜಾಡಿಗೆ ಹೋದೆ. ಆಕೆಯ ಅಂಗಡಿಯ ಎದುರಿನ ಚಹಾದಂಗಡಿಯಲ್ಲಿ ಕೂತು, ಮುಖಕ್ಕೆ ಪೇಪರು ಅಡ್ಡ ಹಿಡಿದು ನೋಡಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಎರಡು ಚಹಾ ಕುಡಿದೆ. ತಗಡಿನ ಮಾಡು, ಎರಡು ಒಲೆ, ಒಂದು ದೊಡ್ಡ ಬಾಣಲೆ. ಆಕೆ ಹೆರೆಯುವ ಮಣೆಯನ್ನು ಬಾಣಲೆಯ ಮೇಲೆಯೇ ಹಿಡಿದು ಕಾಯಿ ಕೊರೆಯುತ್ತಿದ್ದಳು. ಬಿಲ್ಲೆಗಳು ನೇರ ಎಣ್ಣೆಗೆ ಬೀಳುತ್ತಿದ್ದವು. ಮೂಲೆಯಲ್ಲಿದ್ದ ಟಿನ್ನುಗಳೆಲ್ಲ ನನ್ನವೇ. ಅಗ್ಗದ ಎಣ್ಣೆಯ ಒಂದು ಡಬ್ಬಿಯೂ ಕಾಣಲಿಲ್ಲ. ಎಲ್ಲಿಯೂ ಹುಳುಕು ಸಿಗಲಿಲ್ಲ. ಸರಿಯಾಗಿ ಬಚ್ಚಿಟ್ಟಿದ್ದಾಳೆ ಎಂದುಕೊಂಡು ಮನೆಗೆ ಬಂದೆ. ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ನನಗೂ ಗೊತ್ತಿತ್ತು. ಆದರೆ ಗಾದೆಗಳು ಯಾವಾಗಲೂ ಪಕ್ಕದ ಮನೆಯವರಿಗೇ ಒಪ್ಪುತ್ತವೆ.

ಹೀಗೇ ಮೂರು ವರ್ಷ ನಡೆಯಿತು. ಕಳೆದ ಚಳಿಗಾಲದ ಒಂದು ಶುಕ್ರವಾರ ಆಕೆ ದುಡ್ಡು ಕೊಟ್ಟು, ಟಿನ್ನು ಕಟ್ಟುತ್ತ, ಖುಷಿಯಲ್ಲಿ ಹೇಳಿದಳು.

“ಅಣ್ಣ, ಬಪ್ಪು ವಾರ ಎಂಟ್ ಟಿನ್ ತೆಗ್ದಿಡಿ ಅಕಾ. ಬೊಂಬಾಯಿಯಂಗ್ ಅಂಗಡಿ ಇದ್ದ ನಮ್ಮೂರವ್ರ್ ಒಬ್ರ್ ದೊಡ್ಡ ಆರ್ಡರ್ ಕೊಡ್ತೆ ಅಂದಿರ್. ಪಾಕೀಟ್ ಮಾಡಿ ಕಳ್ಸುಕಿತ್ತ್.”

ಮರವಂತೆಯವನು ನೆನಪಾದ. ಇದೇ ದಾರಿ. ಮೊದಲು ಸರಿಯಾಗಿ ಕೊಡುವುದು, ನಂಬಿಸುವುದು, ಆಮೇಲೆ ಒಮ್ಮೆಲೇ ಎಂಟು, ಹನ್ನೊಂದು. ತೆಗೆದಿಡುತ್ತೇನೆ ಎಂದೆ. ತೆಗೆದಿಡಲಿಲ್ಲ.

ನಾಲ್ಕು ದಿನ ಬಿಟ್ಟು ಬ್ರಹ್ಮಾವರದಿಂದ ಫೋನು ಬಂತು. ಅಂಗಡಿಯ ಹೆಸರು ಅಚ್ಚು ಹಾಕಿದ ಪ್ಲಾಸ್ಟಿಕ್ ಪಾಕೀಟುಗಳನ್ನು ಮಾಡಿಕೊಡುವ ವ್ಯಾಪಾರಿ.

“ಬೀಜಾಡಿಯಂಗ್ ಚಿಪ್ಸ್ ಮಾಡುವ ಹೆಂಗ್ಸ್ ಒಬ್ರ್ ನಿಮ್ ನಂಬರ್ ಕೊಟ್ಟಿರ್. ಒಂದ್ ತಿಂಗ್ಳ್ ಸಾಲಕ್ಕೆ ಮಾಲ್ ಬೇಕಂಬ್ರ್. ಹ್ಯಾಂಗೆ ಜನ?”

ನನ್ನ ಬೋರ್ಡಿನ ಕ್ರಮವೇ ಅಲ್ಲಿಯೂ ಇತ್ತು. ಎರಡು ನಂಬರು, ಎರಡು ಮಾತು. ಯಾವಾಗಲೂ ಕೇಳುವವನಾಗಿದ್ದ ನಾನು ಆವತ್ತು ಹೇಳುವವನಾದೆ. ಗಂಟಲು ಸರಿಮಾಡಿಕೊಂಡೆ.

“ಇಲ್ಲಿವರೆಗೆ ಕೊಟ್ಟಿರ್. ಬಾಕಿ ಎಂತದೂ ಇಲ್ಲ. ಆದ್ರೆ...”

“ಆದ್ರೆ?”

“ಶುಕ್ರವಾರವೇ ತಂದ್ ಕೊಡ್ತ್ರ್ ಮರ್ರೆ. ಗಡುವಿಗೆ ಇನ್ನೂ ವಾರ ಇಪ್ಪ ಹೊತ್ತಿಗೆ. ಎಂತಕ್ ಅಂತ ನಂಗ್ ಈವರೆಗೂ ತಿಳೀಲ.”

ಆ ಕಡೆ ಒಂದು ಉದ್ದನೆಯ ಹೂಂಕಾರ ಬಂತು.

“ಶುಕ್ರವಾರವಾ?”

“ಹೌದ್.”

“ಗೊತ್ತಾಯ್ತ್ ಬಿಡಿ” ಎಂದು ಆತ ಫೋನಿಟ್ಟ.

ಆತನಿಗೆ ಏನು ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ಒಂದು ಸುಳ್ಳೂ ಹೇಳಿರಲಿಲ್ಲ, ಇದ್ದದ್ದನ್ನೇ ಹೇಳಿದ್ದೆ. ಒಬ್ಬ ವ್ಯಾಪಾರಿಯನ್ನು ಉಳಿಸಿದೆ ಎಂಬ ಸಮಾಧಾನದಲ್ಲಿ ಆವತ್ತು ಎರಡು ತುತ್ತು ಹೆಚ್ಚೇ ಉಂಡೆ.

ಶುಕ್ರವಾರ ಆಕೆ ಬಂದಳು. ದುಡ್ಡು ಕೊಟ್ಟಳು. ಎಂಟು ಟಿನ್ನು ಯಾಕಿಲ್ಲ ಎಂಬುದಕ್ಕೆ ನಾನೊಂದು ನೆಪ ಸಿದ್ಧ ಮಾಡಿಟ್ಟುಕೊಂಡಿದ್ದೆ, ಕೊಬ್ಬರಿ ಬಂದಿಲ್ಲ ಎಂದು. ಅದರ ಅಗತ್ಯವೇ ಬೀಳಲಿಲ್ಲ.

“ಎರಡೇ ಸಾಕಣ್ಣ.”

“ಎಂತ ಅಕ್ಕ, ಎಂಟ್ ಬೇಕ್ ಅಂದಿದ್ರಿ?” ಎಂದೆ. ವಯಸ್ಸಿನಲ್ಲಿ ಎಷ್ಟೇ ಚಿಕ್ಕವರಾದರೂ ವ್ಯಾಪಾರದಲ್ಲಿ ಎಲ್ಲರೂ ನನಗೆ ಅಕ್ಕನೇ.

ಆಕೆ ಕೊಬ್ಬರಿ ಚೀಲದ ಮೇಲೆ ಕೂತಳು. ಮೂರು ವರ್ಷದಲ್ಲಿ ಒಮ್ಮೆಯೂ ಕೂತವಳಲ್ಲ.

“ಆರ್ಡರ್ ಹೋಯ್ತಣ್ಣ. ಬ್ರಹ್ಮಾವರದವ್ರ್ ಪಾಕೀಟ್ ಸಾಲಕ್ಕೆ ಕೊಡುದಿಲ್ಲ ಅಂದ್ರ್. ಎಲ್ಲ ಒಂದೇ ಸಲ ನಗದ್ ಕೊಡುಕೆ ನನ್ ಕೈಯಂಗ್ ಎಲ್ಲಿತ್ತ್? ಬೊಂಬಾಯಿಯವ್ರ್ ಬೇರೆಯವ್ರಿಗೆ ಕೊಟ್ರ್. ನಾನ್ ಎರಡ್ ನಂಬರ್ ಕೊಟ್ಟಿದ್ದೆ, ನಿಮ್ದ್ ಒಂದ್, ಬೈಂದೂರಿನವ್ರ್ದ್ ಒಂದ್. ಯಾರೋ ಒಂದ್ ಮಾತ್ ಹಾಕಿರ್.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ತನ್ನಷ್ಟಕ್ಕೇ ಹೆಗಲ ಮೇಲಿನ ಬೈರಾಸಿಗೆ ಹೋಯಿತು. ಮುಖ ಒರೆಸಿಕೊಂಡೆ.

“ನಿಮ್ ಮೇಲೆ ಸಂಶಯ ಇಲ್ಲಣ್ಣ” ಎಂದಳು ಆಕೆ. “ನೀವ್ ಇದ್ದದ್ದ್ ಇದ್ದಾಂಗೆ ಹೇಳುವವ್ರ್. ಬೋರ್ಡ್ ಹಾಕಂಡೇ ಕೂತಿದ್ರಿ. ಅದ್ ಬೈಂದೂರಿನವ್ರದ್ದೇ ಕೆಲ್ಸ. ಹೋದ ತಿಂಗ್ಳ್ ಕೊಳ್ತ ಬಾಳೆ ಗೊನಿ ವಾಪಾಸ್ ಮಾಡಿದ್ದೆ, ಆ ಸಿಟ್ಟ್. ಫೋನ್ ಮಾಡಿ ಬಾಯಿಗ್ ಬಂದಾಂಗೆ ಹೇಳ್ದೆ. ಈಗ ಅವ್ರ ಹತ್ರ ಕಾಯಿ ತಕಂಬುದ್ ಬಿಟ್ಟೆ.”

ಅವರ ಕೆಲಸವಲ್ಲ, ನನ್ನದು ಎಂದು ಆಗಲೇ ಹೇಳಬೇಕಿತ್ತು. ಅದರ ಬದಲು ಮೂರು ವರ್ಷದಿಂದ ಕೊರೆಯುತ್ತಿದ್ದ ಪ್ರಶ್ನೆ ಹೊರಗೆ ಬಂತು.

“ಒಂದ್ ಕೇಂತೆ ಅಕ್ಕ. ನೀವ್ ಯಾವಾಗ್ಳೂ ಶುಕ್ರವಾರವೇ ಎಂತಕ್ ಕೊಡುದ್?”

ಆಕೆ ನಕ್ಕಳು. ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ ಹೇಳಿದಳು.

“ಶನಿವಾರ ನನ್ ಅಣ್ಣ ಕುಂದಾಪ್ರ ಸಂತಿಗ್ ಬತ್ತ. ಸಂತಿ ಮುಗ್ಸಿ ಅಂಗಡಿಗ್ ಬತ್ತ, ದುಡ್ಡ್ ಕೇಂತ. ಕೊಟ್ಟದ್ದ್ ವಾಪಾಸ್ ಬಪ್ಪುದಿಲ್ಲ. ಒಡಹುಟ್ಟಿದವ, ಕೈಯಂಗ್ ಇದ್ರೆ ನಂಗೆ ಇಲ್ಲ ಅಂಬುಕ್ ಬತ್ತಿಲ್ಲ. ಇಲ್ದಿರೆ ಸುಳ್ಳ್ ಹೇಳುದ್ ತಪ್ತ್. ಅದ್ಕೇ ಶುಕ್ರವಾರವೇ ಎಲ್ರದ್ದೂ ಕೊಟ್ಟ್ ಮುಗ್ಸ್ತೆ. ಲಕ್ಷ್ಮಿಗ್ ಸಿಟ್ಟ್ ಬಪ್ಪುಕಾಗ ಅಂತ ಹೊರಡುವತಿಗೆ ಒಂದ್ ದೀಪ ಹಚ್ಚಿ ಕೈ ಮುಗ್ದ್ ಬತ್ತೆ.”

ಇಷ್ಟೇ. ಮೂರು ವರ್ಷ ನಾನು ಕಟ್ಟಿದ ಕೋಟೆಯೊಳಗೆ ಇದ್ದದ್ದು ಇಷ್ಟೇ. ಸುಳ್ಳು ಹೇಳಬಾರದೆಂದು ಒಬ್ಬಳು ಕೈ ಖಾಲಿ ಮಾಡಿಕೊಳ್ಳುತ್ತಿದ್ದಳು. ನಾನು ಆ ನೋಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಆಕೆ ಟಿನ್ನು ಕಟ್ಟಿಕೊಂಡು ಹೋದಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಬ್ರಹ್ಮಾವರದ ಫೋನಿನ ಸುದ್ದಿಯನ್ನು ಆವತ್ತೇ ಅವಳಿಗೆ ಹೆಮ್ಮೆಯಿಂದ ಹೇಳಿದ್ದೆನಲ್ಲ.

“ಹೇಳ್ರ್ಯಾ?”

“ಇಲ್ಲ.”

“ಮತ್ತೆ ಆ ಬೈಂದೂರಿನ ಅಜ್ಜ ಎಂತ ಪಾಪ ಮಾಡಿರ್?” ಎಂದು ಕೇಳಿ ಒಳಗೆ ಹೋದಳು. ಈ ಸಲ ನಗಲಿಲ್ಲ.

ಮೊದಲು ಬ್ರಹ್ಮಾವರಕ್ಕೆ ಫೋನು ಮಾಡಿದೆ. ಆ ದಿನ ಹೇಳಿದ್ದು ತಪ್ಪಾಯಿತು, ಆಕೆಯಷ್ಟು ನೇರ ಜನ ಈ ದಾರಿಯಲ್ಲೇ ಇಲ್ಲ, ಮಾಲು ಕೊಡಿ, ಬೇಕಾದರೆ ನಾನು ಜಾಮೀನು ಎಂದೆ. ಆತ ಪೂರ್ತಿ ಕೇಳಿಸಿಕೊಂಡ.

“ಮೊನ್ನೆ ಒಂದ್ ಹೇಳ್ರಿ, ಇವತ್ತ್ ಒಂದ್ ಹೇಳ್ತ್ರಿ. ಎಂತ, ನಿಮ್ಗ್ ಬಾಕಿ ನಿಲ್ಸಿದ್ರಾ? ನಾನ್ ಮಾಲ್ ಕೊಟ್ರೆ ನಿಮ್ ದುಡ್ಡ್ ಬತ್ತ್ ಅಂತಲಾ?”

ಇಲ್ಲ ಇಲ್ಲ ಎಂದು ಎಷ್ಟು ಹೇಳಿದರೂ ಆತ ನಂಬಲಿಲ್ಲ. ಬೈಯಲು ಬಾಯಿ ತೆರೆದೆ, ಬೈಯಲಾಗಲಿಲ್ಲ. ಆತನ ಜಾಗದಲ್ಲಿ ನಾನಿದ್ದರೆ ಇದನ್ನೇ ಕೇಳುತ್ತಿದ್ದೆ, ಇದೇ ಧಾಟಿಯಲ್ಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮರುದಿನ ಶನಿವಾರ ಬೀಜಾಡಿಗೆ ಹೋದೆ. ಈ ಸಲ ಸುಳ್ಳು ಹೇಳದೆ ಹೋದೆ. ಅಂಗಡಿಯ ಬೆಂಚಿನ ಮೇಲೆ ಒಬ್ಬ ಗಂಡಸು ಸಂತೆಯ ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಬಿಸಿ ಚಿಪ್ಸು ತಿನ್ನುತ್ತಿದ್ದ. ಅಣ್ಣನೇ ಇರಬೇಕು, ಮೂಗು ಹಾಗೇ ಇತ್ತು.

“ನನ್ನತ್ರ ಎಂತದೂ ಇಲ್ಲ ಅಣ್ಣ, ನಿನ್ನೆ ಎಣ್ಣಿಗ್ ಕೊಟ್ಟ್ ಮುಗೀತ್. ಕಾಣ್, ಎಣ್ಣಿ ಅವ್ರೇ ಬಂದಿರ್, ಬೇಕಾರೆ ಅವ್ರ ಹತ್ರವೇ ಕೇಣ್” ಎಂದಳು ಆಕೆ.

ಆತ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ನಾನು ಹೌದು ಎಂದು ತಲೆಯಾಡಿಸಿದೆ. ಸ್ವಲ್ಪ ಹೊತ್ತು ಕೂತು, ಚಿಪ್ಸಿನ ಒಂದು ಪೊಟ್ಟಣ ಕಟ್ಟಿಸಿಕೊಂಡು ಆತ ಹೋದ. ಮೂರು ವರ್ಷದಿಂದ ಆಕೆ ಇವನೆದುರು ನನ್ನ ಬೋರ್ಡನ್ನು ಅಡ್ಡ ಹಿಡಿದು ನಿಂತಿದ್ದಳು ಎಂದು ನನಗೆ ಆಗ ಕಣ್ಣಾರೆ ಕಂಡಿತು.

ಅವನು ತಿರುವಿನಲ್ಲಿ ಮರೆಯಾದ ಮೇಲೆ ಹೇಳಿದೆ. ಫೋನು ಬಂದದ್ದು, ನಾನು ಹೇಳಿದ್ದು, ಆ ‘ಆದರೆ’, ಆ ಶುಕ್ರವಾರ, ಎಲ್ಲ. ಬೈಂದೂರಿನವರದು ತಪ್ಪಿಲ್ಲ ಎಂದೂ ಹೇಳಿದೆ. ಆಕೆ ಜಾಲರಿ ಸೌಟು ಹಿಡಿದು ಬಾಣಲೆಯ ಬಿಲ್ಲೆಗಳನ್ನು ತಿರುಗಿಸುತ್ತಲೇ ಇದ್ದಳು. ತೆಗೆಯುವ ಹೊತ್ತು ಮೀರಿತು, ಬಿಲ್ಲೆ ಕೆಂಪಾಯಿತು, ಕಪ್ಪಾಯಿತು. ಆಮೇಲೆ ಒಲೆ ಆರಿಸಿದಳು.

“ಆ ಅಜ್ಜ ನಂಗೆ ಮೊದ್ಲ್ ಮೊದ್ಲ್ ದುಡ್ಡ್ ಇಲ್ದೆ ಗೊನಿ ಕೊಟ್ಟವ್ರ್. ಅವ್ರಿಗೆ ನಾನ್ ಎಂತೆಲ್ಲ ಹೇಳಿ ಬಿಟ್ಟೆ.” ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ಮೂರ್ ವರ್ಷ ಆಯ್ತಣ್ಣ. ಒಂದ್ ಸಲ ನನ್ನತ್ರ ಕೇಂಬುಕ್ ಆಗ್ತಿರ್ಲಿಲ್ಯಾ?”

ಇಷ್ಟು ಜನರಿಗೆ ಫೋನು ಮಾಡಿ ವಿಚಾರಿಸಿದೆ, ಚಹಾದಂಗಡಿಯಲ್ಲಿ ಕೂತು ಕದ್ದು ನೋಡಿದೆ. ಎದುರಿಗೆ ನಿಂತವಳನ್ನು ಕೇಳಬಹುದು ಎಂದು ಹೊಳೆಯಲೇ ಇಲ್ಲ. ಕೇಳಿದರೂ ಬಹುಶಃ ನಂಬುತ್ತಿರಲಿಲ್ಲ.

“ಇನ್ ಮೇಲೆ ನಿಮ್ಗೆ ಗಡುವು ಇಲ್ಲ ಅಕ್ಕ. ಎಷ್ಟ್ ಟಿನ್ ಬೇಕಾರೂ ತಕಣಿ, ಯಾವಾಗ ಬೇಕಾರೂ ಕೊಡಿ” ಎಂದೆ.

“ಬ್ಯಾಡ. ಬೋರ್ಡಂಗ್ ಇದ್ದಾಂಗೇ ಇರ್ಲಿ” ಎಂದಳು.

ಮುಂದಿನ ಶುಕ್ರವಾರ ಆಕೆ ಬರುವುದಿಲ್ಲ ಎಂದುಕೊಂಡಿದ್ದೆ. ಊಟವಾಗಿ ಕೈ ತೊಳೆಯುವಾಗ ಸ್ಕೂಟರಿನ ಸದ್ದು ಕೇಳಿ, ಒದ್ದೆ ಕೈಯಲ್ಲೇ ಹೊರಗೆ ಬಂದೆ. ಆಕೆ ದುಡ್ಡು ಕೊಟ್ಟಳು. ನಾನು ಎಣಿಸದೆ ಡ್ರಾವರಿಗೆ ಹಾಕಿದೆ. ಹಾಕುವುದು ಆಕೆಗೆ ಕಾಣಲಿ ಎಂದು ಸ್ವಲ್ಪ ನಿಧಾನವಾಗಿಯೇ ಹಾಕಿದೆ.

“ಬೈಂದೂರಿಗ್ ಹೋಯ್ದ್ರ್ಯಾ?” ಎಂದು ಕೇಳಿದೆ.

“ಹೋಯ್ದೆ. ತಪ್ಪಾಯ್ತ್ ಅಂದೆ. ಅವ್ರ್ ಗೊನಿ ತೆಗ್ದಿಟ್ರ್.” ಆಕೆ ಖಾಲಿ ಪರ್ಸಿನ ಜಿಪ್ಪು ಎಳೆದಳು. “ಇನ್ ದುಡ್ಡ್ ಮೊದ್ಲ್ ಕೊಡಿ ಅಂದ್ರ್.”

ಕಣ್ಣು ಮುಚ್ಚಿ ಕೊಡಿ ಎಂದು ನನಗೆ ಹೇಳಿದ್ದ ಮನುಷ್ಯ ಅವರು. ನಾನು ಬೋರ್ಡಿನ ಕಡೆ ನೋಡಿದೆ, ಬೇರೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಒಳಗಿನಿಂದ ಎರಡು ಟಿನ್ನು ತಂದು ಮೆಟ್ಟಿಲ ಮೇಲಿಟ್ಟೆ, ಯಾವಾಗಲೂ ಇಡುವ ಜಾಗದಲ್ಲಿ.

ಆಕೆ ಅವನ್ನು ಸ್ಕೂಟರಿಗೆ ಕಟ್ಟಲಿಲ್ಲ. ಒಂದು ಟಿನ್ನನ್ನು ಎರಡೂ ಕೈಯಿಂದ ಎತ್ತಿ, ಗಾಣದ ಬದಿಯಲ್ಲಿ ಕೊಬ್ಬರಿ ತೂಗುವ ಯಂತ್ರದ ಮೇಲಿಟ್ಟಳು. ಮೂರು ವರ್ಷದಲ್ಲಿ ಮೊದಲ ಸಲ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತೂಕ ಸರಿಯಾಗಿಯೇ ಇತ್ತು, ಹತ್ತಿಪ್ಪತ್ತು ಗ್ರಾಮು ಹೆಚ್ಚೇ ಇತ್ತು. ಆಕೆ ಟಿನ್ನನ್ನು ಕೆಳಗಿಳಿಸಿ, ಯಂತ್ರ ಸೊನ್ನೆಗೆ ಬಂತೇ ಎಂದು ಬಗ್ಗಿ ನೋಡಿ, ಮತ್ತೊಮ್ಮೆ ಇಟ್ಟಳು.